ಮೊದಲು ಕಂಡವಳು

ತಂಗಿ ಸ್ಕ್ಯಾನಿಂಗ್ ಯಂತ್ರದ ಪ್ರೋಬಿಗೆ ಅಂಟಿದ್ದ ಜೆಲ್ ಒರೆಸುತ್ತಿದ್ದಳು. ಅಕ್ಕ ಹಿಂದಿನ ರೋಗಿಯ ವರದಿ ಬರೆಯುತ್ತಿದ್ದಳು. ಆ ಆಸ್ಪತ್ರೆಯಲ್ಲಿ ಅಕ್ಕ ಸ್ಕ್ಯಾನಿಂಗ್ ಮಾಡುವವಳು, ತಂಗಿ ಆಯಾ. ಕೆಲಸದ ಹೊತ್ತಿನಲ್ಲಿ ಇಬ್ಬರಿಗೂ ಮಾತಿಲ್ಲ.

ಸ್ಟ್ರೆಚರ್ ಮೇಲೆ ಬಂದವನು ಅವರ ಅಪ್ಪ. ಇದ್ದಕ್ಕಿದ್ದಂತೆ ಬೆನ್ನುನೋವು, ಮೈಯೆಲ್ಲ ತಣ್ಣನೆ ಬೆವರು. ಅಷ್ಟು ನೋವಿನಲ್ಲೂ ಅವನು ನರ್ಸಿಗೆ, ತನ್ನ ದೊಡ್ಡ ಮಗಳ ಕಣ್ಣು ತಪ್ಪಿಸಿ ಹೊಟ್ಟೆಯೊಳಗೆ ಏನನ್ನೂ ಬಚ್ಚಿಡುವ ಹಾಗಿಲ್ಲ ಎಂದು ಹೇಳಿಕೊಂಡ. ದೀಪ ಆರಿಸಿದ ಚಿಕ್ಕ ಮಗಳ ಕಡೆ ನೋಡಲಿಲ್ಲ. ಅವಳಿಗೆ ಹೊಟ್ಟೆ ಉರಿಯಿತು.

ಎರಡು ವರ್ಷದ ಹಿಂದೆ ಅಪ್ಪನ ಮೂತ್ರಪಿಂಡದ ಕಲ್ಲು ಕಂಡುಹಿಡಿದಿದ್ದು ಅಕ್ಕ. ಆ ಕಥೆಯನ್ನು ಅವನು ಬಂದವರಿಗೆಲ್ಲ ಹೇಳಿ ಸವೆಸಿದ್ದ. ಈಗಲೂ ಅಕ್ಕ ಪ್ರೋಬನ್ನು ನೇರ ಪಕ್ಕೆಗಿಟ್ಟು ಕಲ್ಲು ಹುಡುಕತೊಡಗಿದಳು. ತಂಗಿ ಏಳನೇ ತರಗತಿಗೇ ಶಾಲೆ ಬಿಟ್ಟವಳು. ಆದರೆ ಆರು ವರ್ಷ ಗೋಡೆಗೊರಗಿ ಆ ಪರದೆ ನೋಡಿದ್ದಳು. ಅಪ್ಪನ ಹಾಗೆ ಸಿಗರೇಟು ಸೇದುವ ಮುದುಕರು ಹೀಗೆ ಬೆವರುತ್ತ ಬಂದರೆ ದೊಡ್ಡ ಡಾಕ್ಟರು ಮೊದಲು ಹೊಕ್ಕುಳಿನ ಮೇಲೆಯೇ ನೋಡಿಸುತ್ತಿದ್ದರು. ಅಲ್ಲಿರುವ ದೊಡ್ಡ ರಕ್ತನಾಳ ಉಬ್ಬಿ ಒಡೆದಿದ್ದರೆ ಗಳಿಗೆಯೂ ತಡಮಾಡುವಂತಿಲ್ಲ.

“ಅಕ್ಕಾ, ಹೊಟ್ಟೆ ನಡುವೆ ನೋಡೇ.”

“ನೀನು ಸುಮ್ನಿರು. ಗೊತ್ತಿರೋಳು ನೋಡ್ತಿದಾಳಲ್ಲ,” ಅಂದ ಅಪ್ಪ.

ಅಕ್ಕನ ಕೈ ಮಾತ್ರ ನಡುವಿಗೆ ಸರಿಯಿತು. ಹೆಬ್ಬೆರಳಷ್ಟಿರಬೇಕಾದ ನಾಳ ಪರದೆಯಲ್ಲಿ ಮುಷ್ಟಿಯಷ್ಟು ಊದಿ ಕಪ್ಪಗೆ ನಿಂತಿತ್ತು. ಅವಳು ಡಾಕ್ಟರನ್ನು ಕೂಗಿದಳು. ಎಲ್ಲಿ ಒಡೆದಿದೆ ಎಂದು ಸರಿಯಾಗಿ ತಿಳಿಯಲು ಸಿಟಿ ಸ್ಕ್ಯಾನ್ ಬೇಕು, ಆದರೆ ಬಿ.ಪಿ. ಇಳಿಯುತ್ತಿದೆ, ಅಷ್ಟು ಹೊತ್ತು ಕಾಯುವಂತಿಲ್ಲ, ನೇರ ಆಪರೇಷನ್ನಿಗೆ ಒಯ್ಯಿರಿ ಎಂದರು ಅವರು. ಉಳಿಯುವ ಆಸೆ ಅರ್ಧಕ್ಕರ್ಧ ಎಂದು ಅಕ್ಕತಂಗಿಯರಿಗೆ ಮೆಲ್ಲಗೆ ಹೇಳಿದರು.

ಅಕ್ಕ ತಲೆಯ ಕಡೆ, ತಂಗಿ ಕಾಲ ಕಡೆ ನಿಂತು ಸ್ಟ್ರೆಚರ್ ನೂಕಿದರು. ಅಪ್ಪ ಅಕ್ಕನ ಕೈ ಹಿಡಿದುಕೊಂಡ.

“ನೀನು ಕಂಡುಹಿಡಿದೆ ಮಗಳೇ. ಇಲ್ದಿದ್ರೆ ನನ್ನ ಕಥೆ ಮುಗೀತಿತ್ತು.”

ಅಕ್ಕ ಮುಂದೆ ನೋಡುತ್ತ ಸ್ಟ್ರೆಚರನ್ನು ಇನ್ನಷ್ಟು ಜೋರಾಗಿ ನೂಕಿದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಒಳಗಿನವರು ಸ್ಟ್ರೆಚರಿಗೆ ಕೈಹಾಕಿದರು. ತಂಗಿಯ ಕೈಗೆ ಅಪ್ಪನ ಪಾದ ತಣ್ಣಗೆ ತಗುಲಿತು. ಇದು ಈಗ ಕೇಳುವ ಮಾತಲ್ಲ ಎಂದು ಅವಳಿಗೂ ಗೊತ್ತಿತ್ತು. ಅಕ್ಕ ಇನ್ನೂ ಮುಂದೆಯೇ ನೋಡುತ್ತಿದ್ದಳು.

“ಅಕ್ಕಾ, ನಾನು ಹೇಳಿದ್ದು ಅಂತ ಅಪ್ಪಂಗೆ ಹೇಳೇ.”