ಮೋಡ–ಕುಟ್ಟಿಯ ಏಳು ಕಾಲು

"ಎರಡು ಕೋಣಕ್ಕೆ ಏಳೇ ಕಾಲು!" ಅಭಿಮಾನಿ ಬಳಗದ ಅಡ್ಮಿನ್ ದೀಕ್ಷಿತ್ ಸಭಾಭವನದಲ್ಲಿ ಎಲ್ಲರೆದುರು ಪೋಸ್ಟರಿನ ಮೇಲೆ ಬೆರಳಿಟ್ಟ. "ಇದು ಎಐ ಅಲ್ಲದೆ ಮತ್ತೆ ಎಂತ ಹೇಮಕ್ಕ?"

"ಒಂದು ಕಾಲು ನೀರೊಳಗೆ ಉಂಟು ಮಾರಾಯ," ಎಂದಳು ಹೇಮಾಕ್ಷಿ.

ಕಂಬಳದಲ್ಲಿ ಓಡುವ ಮೋಡ–ಕುಟ್ಟಿ ಜೋಡಿಗೆ ಮಂಗಳೂರಿನಲ್ಲಿ ಎರಡು ಸಾವಿರ ಅಭಿಮಾನಿಗಳು. ಅವರಲ್ಲಿ ಕೋಣದ ಬಾಲ ಮುಟ್ಟಿದವರು ಹತ್ತು ಮಂದಿ ಇದ್ದರೆ ಹೆಚ್ಚು. ಉಳಿದವರ ಭಕ್ತಿಯೆಲ್ಲ ವಾಟ್ಸಾಪಿನಲ್ಲಿ. ಕೊಟ್ಟಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದ ಹೇಮಾಕ್ಷಿ ಆ ಗುಂಪಿಗೆ ಈ ಪೋಸ್ಟರಿನ ಪೆನ್ಸಿಲ್ ಚಿತ್ರ ಹಾಕಿದ್ದೇ ತಡ, ಬೆಳಗಾಗುವುದರೊಳಗೆ 'ಆರ್ಟಿಸ್ಟ್ ಹೇಮಕ್ಕ' ಆಗಿಬಿಟ್ಟಳು. ನಲವತ್ತೆರಡು ವರ್ಷದಲ್ಲಿ ಅವಳನ್ನು ಯಾರೂ ಯಾವುದಕ್ಕೂ ಮೆಚ್ಚಿದ್ದಿಲ್ಲ. ಗಂಡ ಶೈಲೇಶ್ ಅವಳ ಕೈಗುಣ ನೆನೆಯುತ್ತಿದ್ದುದು ಸಾರಿಗೆ ಉಪ್ಪು ಹೆಚ್ಚಾದ ದಿನ ಮಾತ್ರ. ಈಗ ಬಳಗದ ಅಂಗಿಗಳ ಮೇಲೆ ಅವಳದೇ ಚಿತ್ರ, ಕೆಳಗೆ ಅವಳದೇ ಹೆಸರು ಎಂದು ತೀರ್ಮಾನವಾಗಿತ್ತು.

ಅಷ್ಟರಲ್ಲಿ ಯಾರೋ ಕಾಲು ಎಣಿಸಿದರು.

ಆಮೇಲೆ ಕೇಳಬೇಕೆ! ನಿನ್ನೆಯವರೆಗೆ ಗುಲಾಬಿ ಹೂವಿಗೆ ಶುಭೋದಯ ಅಂಟಿಸಿ ಕಳಿಸುತ್ತಿದ್ದವರೆಲ್ಲ ಕಲಾವಿಮರ್ಶಕರಾದರು. 'ಕೈಕಲೆಯ ಮಾನ ಉಳಿಸಿ' ಎಂಬ ಕರೆ ಹೊರಟಿತು. ಆ ಕರೆಪತ್ರವನ್ನು ಮಾಡಿಕೊಟ್ಟದ್ದು ಎಐಯೇ. ಅವಸರಕ್ಕೆ ಬೇರೆ ಯಾರು ಸಿಗುತ್ತಾರೆ? ಕೊನೆಗೆ ಅಪ್ಪಣೆಯಾಯಿತು: ಹೇಮಾಕ್ಷಿ ಬಿಜೈಯ ಸಭಾಭವನದಲ್ಲಿ ಎಲ್ಲರ ಕಣ್ಣೆದುರು ಅದೇ ಚಿತ್ರವನ್ನು ಮತ್ತೆ ಬಿಡಿಸಬೇಕು. ತಪ್ಪಿದರೆ ಅವಳ ಹೆಸರು ಅಂಗಿಯಿಂದಲೂ ಹೊರಗೆ, ಗುಂಪಿನಿಂದಲೂ ಹೊರಗೆ. ಕೈ ಉಳುಕಿದೆ ಎಂದು ಅವಳು ಹದಿನೈದು ದಿನ ಗಡುವು ಕೇಳಿದಳು. ಆ ಗಡುವು ಇಂದಿಗೆ ಮುಗಿದಿತ್ತು.

ತೀರ್ಪುಗಾರರು ಯೂಸ್ಟೇಸ್. ಕೂಳೂರಿನಲ್ಲಿ ನಲವತ್ತು ವರ್ಷ ಬ್ಯಾನರ್ ಬರೆದ ಹಿರಿಯರು. ಕಳೆದ ವರ್ಷ ಇದೇ ಕೋಣಗಳನ್ನು ಅವರು ವಾರಗಟ್ಟಲೆ ಕೂತು ಬರೆದುಕೊಟ್ಟಾಗ ಬಿದ್ದದ್ದು ಹನ್ನೊಂದು ಲೈಕು. ಅಂದು 'ಫಿನಿಶಿಂಗ್ ಇಲ್ಲ' ಎಂದು ಮೂಗು ಮುರಿದಿದ್ದ ಬಳಗ, ಇಂದು ಕಲೆಯ ಮಾನ ಕಾಯಲು ಅವರನ್ನೇ ರಿಕ್ಷಾ ಕಳಿಸಿ ಕರೆಸಿತ್ತು.

ಹೇಮಾಕ್ಷಿ ಪೆನ್ಸಿಲ್ ಎತ್ತಿಕೊಂಡಳು. ಮೊದಲು ಕೊಂಬು, ಆಮೇಲೆ ನೊಗ, ಹಗ್ಗ, ಚಿಮ್ಮುವ ಕೆಸರು. ಕೈ ಎಲ್ಲೂ ತಡೆಯಲಿಲ್ಲ, ರಬ್ಬರ್ ಮುಟ್ಟಲಿಲ್ಲ. ಒಂದೂವರೆ ಗಂಟೆಯಲ್ಲಿ ಎರಡೂ ಕೋಣಗಳು ಏಳು ಕಾಲಿನಲ್ಲಿ ಓಡಿದವು. ದೀಕ್ಷಿತ್ ಪೋಸ್ಟರನ್ನು ಪಕ್ಕದಲ್ಲಿ ಹಿಡಿದು ನೋಡಿದ. ಕೆಸರಿನ ಒಂದು ಹನಿ ಕೂಡ ಆಚೀಚೆ ಆಗಿರಲಿಲ್ಲ.

ಸಭೆ ಶಿಳ್ಳೆ ಹೊಡೆಯಿತು. "ತಪ್ಪಾಯ್ತು ಹೇಮಕ್ಕ," ಎಂದು ದೀಕ್ಷಿತ್ ಕೈ ಮುಗಿದ. "ಇನ್ನು ನಿಮ್ಮ ಬಗ್ಗೆ ಮಾತಾಡಿದವರನ್ನು ನಾನೇ ಗ್ರೂಪಿನಿಂದ ತೆಗೀತೇನೆ."

ಹೇಮಾಕ್ಷಿ ಗಳಗಳನೆ ಅತ್ತುಬಿಟ್ಟಳು. ನೊಂದ ಕಲಾವಿದೆಯ ಕಣ್ಣೀರೆಂದು ಜನ ಮುಗಿಬಿದ್ದು ಫೋಟೋ ತೆಗೆದರು.

ಯೂಸ್ಟೇಸ್ ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಅವಳ ಬೆರಳಿನಲ್ಲಿ ಎದ್ದಿದ್ದ ಬೊಬ್ಬೆ ನೋಡಿದರು. ಚಿತ್ರ ನೋಡಿದರು. "ಕೈಯಿಂದಲೇ ಬಿಡಿಸಿದ್ದು, ಸಂಶಯ ಇಲ್ಲ," ಎಂದು ಜೋರಾಗಿ ಹೇಳಿ ಸಹಿ ಹಾಕಿದರು. ಆಮೇಲೆ ಅವಳಿಗಷ್ಟೇ ಕೇಳುವಂತೆ ಬಗ್ಗಿದರು.

"ನಲವತ್ತು ವರ್ಷದಲ್ಲಿ ನನಗೆ ಒಂದೇ ಚಿತ್ರ ಎರಡು ಸಲ ಹೀಗೆ ಬರಲಿಲ್ಲ ಮಗಾ. ಎಷ್ಟು ಕಾಗದ ಮುಗೀತು?"

"ಅರವತ್ತು," ಎಂದಳು ಅವಳು ತಲೆ ತಗ್ಗಿಸಿ.

"ನಾಳೆಯಿಂದ ಕೂಳೂರಿಗೆ ಬಾ. ಉರು ಹೊಡೆಯದೆ ಬಿಡಿಸುವುದು ಹೇಳಿಕೊಡ್ತೇನೆ."

ಪೋಸ್ಟರಿನ ಕೋಣಗಳನ್ನು ಬಿಡಿಸಿದ್ದು ಅವಳ ಫೋನಿನೊಳಗಿನ ಎಐ. ಆ ಹದಿನೈದು ದಿನಕ್ಕೆ ಮೊದಲು ಹೇಮಾಕ್ಷಿ ಪೆನ್ಸಿಲಿನಲ್ಲಿ ಬರೆದದ್ದೆಂದರೆ ದಿನಸಿ ಅಂಗಡಿಯ ಪಟ್ಟಿ ಒಂದೇ.