ಬೂತಾಯಿಗೊಂದು ಮಹಾಪ್ರಾಣ

"ಭೂತಾಯಿ ಅಂದ್ರೆ ಭೂಮಿತಾಯಿ ತಾನೇ?" ಎಂದು ಆಶಿತಾ ಮೊಬೈಲನ್ನು ನಿಶ್ಮಿತಾಳ ಮುಂದೆ ಹಿಡಿದಳು.

ಹನ್ನೊಂದನೇ ಕ್ಲಾಸಿನ ಯಾರೋ ಹುಡುಗರು ತಮ್ಮ ಹೆಸರು ಮುಚ್ಚಿಟ್ಟು ಇನ್‌ಸ್ಟಾಗ್ರಾಂನಲ್ಲಿ ಪೇಜ್ ತೆರೆದು, ಹುಡುಗಿಯರ ಫೋಟೊಗಳನ್ನು ಸಾಲಾಗಿ ಹಾಕಿ, ಒಬ್ಬೊಬ್ಬಳ ಕೆಳಗೂ ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದು ತುಳು ಹೆಸರು ಬರೆದಿದ್ದರು. ಎಲ್ಲವೂ ಮೀನಿನ ಹೆಸರುಗಳು. ಕೊಲ್ಲಿ ದೇಶದ ಈ ದಾರ್ಸೈಟ್‌ನ ಫ್ಲ್ಯಾಟುಗಳಲ್ಲಿ ಬೆಳೆದ ಮಂಗಳೂರು ಕಡೆಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ಆಶಿತಾ ಮೈಸೂರಿನವಳು, ಅವಳ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿಲ್ಲ. ಮೀನುಗಳಲ್ಲೇ ಅಗ್ಗದ ಬೂತಾಯಿ ತನ್ನ ಪಾಲಿಗೆ ಬಂದಿದ್ದು ತಿಳಿಯದೆ, ಮಹಾಪ್ರಾಣವನ್ನು ತಾನೇ ಸೇರಿಸಿ ಓದಿಕೊಂಡಿದ್ದಳು. ನಿಶ್ಮಿತಾಳ ಫೋಟೊದ ಕೆಳಗಿದ್ದದ್ದು ಅಂಜಲ್, ಮೀನುಗಳಲ್ಲೇ ದುಬಾರಿಯದು.

"ಹೌದು ಮಾರಾಯ್ತಿ, ಒಳ್ಳೆ ಹೆಸರೇ," ಎಂದಳು ನಿಶ್ಮಿತಾ. ಗೆಳತಿಗೆ ನೋವಾಗದಿರಲಿ ಎಂದು ಹಾಗಂದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ನಿಜ ಬೇರೆಯೇ ಇತ್ತು. ಅರ್ಥ ಹೇಳಿದರೆ ಕಂಪ್ಲೇಂಟ್ ಆಗುತ್ತಿತ್ತು, ಪೇಜ್ ಹೋಗುತ್ತಿತ್ತು, ಜೊತೆಗೆ ಅಂಜಲ್ ಕೂಡ. ತನ್ನ ಆ ಫೋಟೊವನ್ನು ಅವಳು ಬೆಳಿಗ್ಗೆಯಿಂದ ನಾಲ್ಕು ಸಲ ನೋಡಿಕೊಂಡಿದ್ದಳು.

ಆಶಿತಾ ಆ ಸಂಜೆಯೇ ತನ್ನ ಪ್ರೊಫೈಲಿನಲ್ಲಿ 'ಭೂತಾಯಿ' ಎಂದು ಹಾಕಿ, ಪಕ್ಕದಲ್ಲೊಂದು ಭೂಗೋಳ ಅಂಟಿಸಿದಳು. ಹುಡುಗರಿಗೆ ಹಬ್ಬವಾಯಿತು. ಶುಕ್ರವಾರ, ಶನಿವಾರದ ರಜೆ ಮುಗಿದು ಭಾನುವಾರ ಸ್ಕೂಲಿಗೆ ಬಂದರೆ ಅವಳ ಡೆಸ್ಕಿನ ಮೇಲೆ ಸಾರ್ಡೀನ್ ಮೀನಿನ ಡಬ್ಬಿ, ಅದರ ಮೇಲೆ ಅವಳ ಹೆಸರಿನ ಚೀಟಿ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆಶಿತಾ ಅಳಲಿಲ್ಲ. ಡಬ್ಬಿಯನ್ನು ಕೈಗೆತ್ತಿಕೊಂಡು, "ಬಾರೇ, ಸೂಪರ್‌ವೈಸರ್ ಹತ್ರ ಹೋಗೋಣ. ನಂಗೆ ತುಳು ಬರಲ್ಲ, ನೀನೇ ಹೇಳ್ಬೇಕು," ಎಂದಳು.

ಸೂಪರ್‌ವೈಸರ್ ಫಾತಿಮಾ ಮೇಡಂ ಹೈದರಾಬಾದಿನವರು. ಪೇಜ್ ತೆರೆದು ಒಂದೊಂದೇ ಹೆಸರಿನ ಅರ್ಥ ಕೇಳುತ್ತ ಬರೆದುಕೊಂಡರು. "ಬೂತಾಯಿ?"

"ಸಣ್ಣ ಮೀನು, ಮೇಡಂ. ಸಾರ್ಡೀನ್. ಅಗ್ಗದ್ದು."

ಆಶಿತಾ ಅವಳತ್ತ ತಿರುಗಿದಳು. "ನಿಂಗೆ ಅವತ್ತೇ ಗೊತ್ತಿತ್ತಾ?"

ನಿಶ್ಮಿತಾ ಹೌದೆಂದು ತಲೆಯಾಡಿಸಿದಳು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಆ ತಾಯಿಯನ್ನು ಕರೆಯಲು ಅವಳಿಗೆ ಮುಖವೆಲ್ಲಿತ್ತು?

"ನಿನ್ನದು?" ಎಂದರು ಮೇಡಂ.

"ಅಂಜಲ್. ನಮ್ಮ ಕಡೆ ಎಲ್ಲಕ್ಕಿಂತ ಒಳ್ಳೆ ಮೀನು ಅದು."

ಎರಡನೇ ಮಾತು ಹೇಳೆಂದು ಯಾರೂ ಕೇಳಿರಲಿಲ್ಲ. ಅದರೊಳಗಿದ್ದ ಹೆಮ್ಮೆ ತನ್ನ ಕಿವಿಗೇ ಬಿದ್ದು ನಿಶ್ಮಿತಾ ನಾಚಿಕೆಯಿಂದ ಕುಗ್ಗಿಹೋದಳು.

ಆಶಿತಾಳ ದನಿಯಲ್ಲಿ ಕೋಪವಿರಲಿಲ್ಲ, ನಿಜಕ್ಕೂ ಗೊತ್ತಿಲ್ಲದವಳ ಹಾಗೆ ಕೇಳಿದಳು: "ಅದನ್ನ ಇಡಿಯಾಗಿ ಮಾರ್ತಾರಾ, ತುಂಡು ಮಾಡಿ ಮಾರ್ತಾರಾ?"