ಅಪ್ಪನ ಸಹಿ

ಅಂಚೆ ಕಚೇರಿಯ ಗೋಂದಿನ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಶ್ರೀಕಾರ್ಯಂನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೆ ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿ, ನಾವು ಅಲ್ಲಿನ ಶ್ರೀಕಾರ್ಯಂ ಬಡಾವಣೆಗೆ ಬಂದು ನಾಲ್ಕು ವರ್ಷವಾಗಿತ್ತು. ನಾನು ಮಲಯಾಳಂ ಶಾಲೆಯಲ್ಲಿ ಐದನೇ ತರಗತಿ ಓದುತ್ತಿದ್ದೆ. ಅಮ್ಮನಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ. ಅಂದು ಅವಳು ಅಂಚೆ ಕಚೇರಿಯಿಂದ ಉಳಿತಾಯ ಖಾತೆಯ ನಿಯಮಗಳಿದ್ದ ಮಲಯಾಳಂ ಪುಸ್ತಿಕೆಯೊಂದನ್ನು ತಂದಿದ್ದಳು. ಅದರ ಬೆನ್ನಿಗೆ ಹಚ್ಚಿದ ಗೋಂದು ಇನ್ನೂ ಬೆರಳಿಗೆ ಅಂಟುತ್ತಿತ್ತು.

“ಓದಿ ಹೇಳೇ ಪುಟ್ಟಿ. ಹೆಂಗಸರು ತಮ್ಮ ಹೆಸರಲ್ಲೇ ದುಡ್ಡಿಡಬಹುದಾ ನೋಡು. ನಿಮ್ಮಪ್ಪ ಎಲ್ಲಾನೂ ಆ ಚೀಟಿಗೇ ಸುರೀತಾರೆ.”

ಹೊರಗೆ ಗೆಳತಿಯರು “ವಾಡೀ” ಎಂದು ಆಟಕ್ಕೆ ಕರೆಯುತ್ತಿದ್ದರು. ಗಂಡನ ಒಪ್ಪಿಗೆ ಬೇಕಿಲ್ಲವೆಂದು ಎರಡನೇ ಪುಟದಲ್ಲೇ ಬರೆದಿತ್ತು. ಅದನ್ನು ಹೇಳಿದರೆ ಉಳಿದದ್ದನ್ನೂ ಓದಿಸುತ್ತಾಳೆಂದು ನಾನು, “ಅಪ್ಪನ ಸಹಿ ಬೇಕಂತೆ” ಎಂದೆ.

ಅಮ್ಮ ಪುಸ್ತಿಕೆಯನ್ನು ಸೆರಗಿನಿಂದ ಒರೆಸಿ ಮಡಚಿದಳು. “ಅವರೆಲ್ಲಿ ಹಾಕ್ತಾರೆ ಬಿಡು. ಹೋಗು, ಆಡ್ಕೋ ಹೋಗು.”

ಎರಡು ವರ್ಷ ಕಳೆದ ಮೇಲೆ ಚೀಟಿ ನಡೆಸುತ್ತಿದ್ದವನು ಎಲ್ಲರ ದುಡ್ಡಿನೊಂದಿಗೆ ಊರು ಬಿಟ್ಟು ಓಡಿಹೋದ. ನನ್ನ ಓದಿಗೆಂದು ಅಮ್ಮ ಕೈಬಳೆ ಬಿಚ್ಚಿಕೊಟ್ಟಳು.

“ಆವತ್ತು ಸಹಿಗೆ ನಿಮ್ಮಪ್ಪನ್ನ ಒಂದು ಮಾತು ಕೇಳಬೇಕಿತ್ತು ಕಣೇ. ನಂದೇ ತಪ್ಪು” ಎಂದಳು.

ಎರಡನೇ ಪುಟದಲ್ಲಿ ಬರೆದಿದ್ದನ್ನು ನಾನು ಆಗಲೂ ಹೇಳಲಿಲ್ಲ.